ಗೊಂಬೆಯಿಲ್ಲದ ಪುಸ್ತಕ

ಎರಡು ವಾರಕ್ಕೊಂದು ಮಂಗಳವಾರ ಬೆಳಿಗ್ಗೆ, ಜಿಲ್ಲಾ ಗ್ರಂಥಾಲಯದ ವ್ಯಾನಿನಲ್ಲಿ ಎರಡು ಕ್ರೇಟು ಪುಸ್ತಕ ಹಾಕಿಕೊಂಡು ನಾನು ಹೆಂಗಸರ ಜೈಲಿಗೆ ಹೋಗುತ್ತೇನೆ. ಒಂದರಲ್ಲಿ ಕಥೆ, ಧರ್ಮ, ಅಡುಗೆ. ಇನ್ನೊಂದರಲ್ಲಿ ಕೈಕೆಲಸದ ಪುಸ್ತಕಗಳು. ಗ್ರಂಥಾಲಯದಲ್ಲಿ ಕೈಕೆಲಸದ ಕಪಾಟು ನನ್ನ ಪಾಲಿಗೆ ಬಂದು ಹನ್ನೊಂದು ವರ್ಷವಾಯಿತು. ಅದು ಯಾರಿಗೂ ಬೇಡವಾಗಿತ್ತು, ನಾನು ಹೊಸಬಳು, ನನಗೆ ಹಚ್ಚಿದರು. ಯಾವ ಪುಸ್ತಕ ತರಿಸಬೇಕು, ಯಾವುದನ್ನು ಹಳತೆಂದು ತೆಗೆದುಹಾಕಬೇಕು ಎಂದು ತೀರ್ಮಾನಿಸುವವಳು ನಾನೇ. ಹೊದಿಕೆ ಚೆನ್ನಾಗಿದ್ದರೆ, ಕಾಗದ ನುಣುಪಾಗಿದ್ದರೆ ತರಿಸುತ್ತಿದ್ದೆ. ಹರಿದದ್ದಕ್ಕೆ ‘ರದ್ದು’ ಎಂದು ಕೆಂಪು ಮುದ್ರೆ ಒತ್ತುತ್ತಿದ್ದೆ. ಅಷ್ಟೇ ನನ್ನ ವಿದ್ಯೆ.

ವಾರ್ನಿತಿ ನನ್ನ ಬಳಿ ಬಂದದ್ದು ಮಳೆಗಾಲ ಮುಗಿಯುತ್ತಿದ್ದ ಒಂದು ಮಂಗಳವಾರ. ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸು, ಸಣಕಲು ದೇಹ. ಸೊಂಟದ ಮೇಲೆ ಮಗು. ಅದು ಅಲ್ಲಿಯೇ ಹುಟ್ಟಿದ ಮಗು, ಗೆಂಡಿಸ್ ಅಂತ ಹೆಸರು. ಗೋಡೆಯ ಆಚೆ ಏನಿದೆಯೆಂದು ಅದಕ್ಕೆ ಗೊತ್ತಿರಲಿಲ್ಲ. ನಮ್ಮ ವ್ಯಾನನ್ನು ಮಾತ್ರ ಕಂಡಿತ್ತು, ಅದೂ ಗೇಟು ತೆರೆದಾಗ.

“ಬು ರೆತ್ನೊ, ಒಂದ್ ಪುಸ್ತಕ ಬೇಕಿತ್ತು,” ಅಂದಳು. ರೆತ್ನೊ ನನ್ನ ಹೆಸರು, ‘ಬು’ ಅಂದರೆ ನಮ್ಮಲ್ಲಿ ‘ಅಮ್ಮಾ’ ಅಂದ ಹಾಗೆ. “ಗೊಂಬೆ ಮಾಡೋದು ಹೆಂಗೆ ಅಂತ ಇರೋದು. ಓದೋಕೆ ನಂಗೆ ಅಷ್ಟಾಗಿ ಬರಲ್ಲ, ಮೂರನೇ ಕ್ಲಾಸಿಗೇ ಬಿಟ್ಟೆ. ಚಿತ್ರ ಇದ್ರೆ ನೋಡ್ಕೊಂಡು ಮಾಡ್ತೀನಿ.”

“ಯಾವಾಗ ಬೇಕು?”

“ಇವಳಿಗೆ ಮೂರು ತುಂಬೋದಕ್ಕೆ ಇನ್ನು ಹತ್ತು ವಾರ ಇದೆ, ಬು. ಅಷ್ಟರೊಳಗೆ.”

ಮೂರು ತುಂಬಿದ ಮೇಲೆ ಮಗು ಒಳಗೆ ಇರುವ ಹಾಗಿಲ್ಲ. ವಾರ್ನಿತಿಯ ಅಕ್ಕ ಲಾಂಪುಂಗ್‌ನಲ್ಲಿ, ಸಮುದ್ರದ ಆಚೆ, ಮೆಣಸಿನ ತೋಟದ ಕೂಲಿ. ಅವಳು ಬಂದು ಕರೆದುಕೊಂಡು ಹೋಗುವುದೆಂದು ತೀರ್ಮಾನವಾಗಿತ್ತು. ವಾರ್ನಿತಿಗೆ ಇನ್ನೂ ಆರು ವರ್ಷ ಬಾಕಿ. ಅವಳು ಏನು ಮಾಡಿ ಒಳಗೆ ಬಂದಳೆಂದು ನಾನು ಕೇಳಲಿಲ್ಲ. ಪುಸ್ತಕ ಕೊಡುವುದಕ್ಕೆ ಅದು ಗೊತ್ತಿರಬೇಕಾಗಿಲ್ಲ.

“ಇವಳು ನನ್ನ ಮರೀತಾಳೆ, ಗೊತ್ತು,” ಅಂದಳು ಮಗುವಿನ ಕೂದಲು ಸರಿಮಾಡುತ್ತ. “ಮೂರು ವರ್ಷದ್ದು ಯಾರಿಗೆ ನೆನಪಿರತ್ತೆ? ಕೈಯಲ್ಲಿ ಹಿಡ್ಕೊಳ್ಳೋಕೆ ಏನಾದ್ರೂ ಒಂದು ಇರ್ಲಿ.”

ಅಲ್ಲಿ ಕತ್ತರಿ ಕೊಡುವುದಿಲ್ಲ, ಕಬ್ಬಿಣದ ಸೂಜಿಯೂ ಇಲ್ಲ. ಮಂಗಳವಾರ, ಗುರುವಾರ ಬೆಳಿಗ್ಗೆ ಕೈಕೆಲಸದ ಕೋಣೆ ತೆರೆದಾಗ ಬಿದಿರಿನ ಕ್ರೋಶಾ ಕಡ್ಡಿಗಳನ್ನು ಹಂಚುತ್ತಾರೆ. ಮಧ್ಯಾಹ್ನ ಬು ಹೆರ್ಮಿನ್ ಎಂಬ ಅಧಿಕಾರಿ ಅವನ್ನು ಒಂದೊಂದಾಗಿ ಎಣಿಸಿ ಪೆಟ್ಟಿಗೆಗೆ ಹಾಕಿ ಬೀಗ ಹಾಕುತ್ತಾರೆ. ಹಾಗಾಗಿ ಕ್ರೋಶಾ ಪುಸ್ತಕವೇ ಆಗಬೇಕಿತ್ತು. ನಮ್ಮಲ್ಲಿ ಇದ್ದವುಗಳಲ್ಲಿ ಅತಿ ಚೆಂದದ್ದನ್ನು ನಾನು ಆರಿಸಿ ಮರುದಿನವೇ ಕಳಿಸಿಕೊಟ್ಟೆ. ದಪ್ಪ ರಟ್ಟು, ಪುಟ ತುಂಬ ಬಣ್ಣದ ಫೋಟೋ. ಮೊಲ, ಆನೆ, ಗುಂಡು ಮುಖದ ಹುಡುಗಿಯರು. ಒಳ್ಳೆಯ ಕೆಲಸ ಮಾಡಿದೆನೆಂದು ಅವತ್ತು ಸಂತೋಷವಾಗಿತ್ತು.

ಎರಡು ವಾರ ಬಿಟ್ಟು ಹೋದಾಗ ವಾರ್ನಿತಿ ಮೂಲೆಯಲ್ಲಿ ಕೂತಿದ್ದಳು. ಅವಳ ಮಡಿಲಲ್ಲಿದ್ದ ಹಳದಿ ದಾರ ಹೆಣೆದು, ಬಿಚ್ಚಿ, ಮತ್ತೆ ಹೆಣೆದು ಬೆಕ್ಕಿನ ಬಾಲದ ಹಾಗೆ ನವಿರೆದ್ದಿತ್ತು. ಗೊಂಬೆಯ ತಲೆಯೂ ಆಗಿರಲಿಲ್ಲ.

“ನನ್ನ ತಲೇಲಿ ಏನೂ ಇಲ್ಲ, ಬು,” ಅಂದಳು. “ಮೂರನೇ ಚಿತ್ರದ ತನಕ ಬರತ್ತೆ. ನಾಲ್ಕನೇದ್ರಲ್ಲಿ ಅದು ಉಂಡೆ ಆಗ್ಬಿಟ್ಟಿರತ್ತೆ. ನಂದು ಚಪ್ಪಟೆ ರೊಟ್ಟಿ ಹಂಗೇ ಇರತ್ತೆ.”

ಪಕ್ಕದಲ್ಲಿ ಚಾಪೆ ಹೆಣೆಯುತ್ತಿದ್ದ ಸಾರಿಕೆಮ್ ಅಜ್ಜಿ ತಲೆಯೆತ್ತಲಿಲ್ಲ. ಅವಳಿಗೆ ಎಪ್ಪತ್ತರ ಹತ್ತಿರ, ಅಲ್ಲಿನ ಎಲ್ಲರಿಗಿಂತ ಹಳಬಳು.

“ಇವರ ಪುಸ್ತಕ ಹೋಟ್ಲು ಗೋಡೆ ಮೇಲಿನ ಕೋಳಿ ಚಿತ್ರ ಇದ್ದಂಗೆ,” ಅಂದಳು. “ನೋಡಿ ಹೊಟ್ಟೆ ತುಂಬಿಸ್ಕೋಬೇಕು. ಏನಮ್ಮಾ ಲೈಬ್ರರಿಯವ್ಳೇ, ನೀನು ಒಂದಾದ್ರೂ ಮಾಡಿದೀಯಾ ಇದ್ರಲ್ಲಿ?”

“ಇಲ್ಲ ಅಜ್ಜಿ.”

“ಮತ್ತೆ ಇವಳಿಗೆ ಯಾವ ಬಾಯಿಟ್ಕೊಂಡು ಕೊಟ್ಟೆ?”

ಸುತ್ತ ಕೂತವರು ನಕ್ಕರು. ವಾರ್ನಿತಿ ನಗಲಿಲ್ಲ. ನನ್ನ ಮುಖ ಬಿಸಿಯಾಯಿತು. ಆ ಪುಸ್ತಕವನ್ನು ವಾಪಸು ತೆಗೆದುಕೊಂಡು ಬಂದೆ.

ಆ ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಜಗಲಿಯಲ್ಲಿ ಕೂತು ನಾನೇ ಹೆಣೆಯಲು ಹೊರಟೆ. ಡಿಗ್ರಿ ಮಾಡಿದವಳು, ಸರಾಗವಾಗಿ ಓದಬಲ್ಲವಳು. ಮೂರನೆಯ ಚಿತ್ರದ ತನಕ ಬಂತು. ನಾಲ್ಕನೆಯದರಲ್ಲಿ ಅದು ಉಂಡೆಯಾಗಿತ್ತು, ನನ್ನದು ರೊಟ್ಟಿಯಾಗಿತ್ತು. ಪುಟವನ್ನು ಹಿಂದೆ ಮುಂದೆ ತಿರುಗಿಸಿದೆ. ‘ಎಂದಿನಂತೆ ಕುಣಿಕೆಗಳನ್ನು ಕಡಿಮೆ ಮಾಡುತ್ತ ಬನ್ನಿ’ ಎಂದು ಒಂದೇ ಸಾಲು. ಎಂದಿನಂತೆ ಅಂದರೆ ಹೇಗೆ? ಬರೆದವರಿಗೆ ಅದು ಎಂದೋ ಕೈಗೆ ಹತ್ತಿದ್ದು. ಹತ್ತದವಳೊಬ್ಬಳು ಎದುರು ಕೂತು ತಪ್ಪುವುದನ್ನು ಅವರು ನೋಡಿದ ಹಾಗಿರಲಿಲ್ಲ. ವಾರ್ನಿತಿ ಎರಡು ವಾರ ತನ್ನನ್ನೇ ದಡ್ಡಿಯೆಂದು ಬೈದುಕೊಂಡಿದ್ದಳು. ಅವಳ ಹತ್ತು ವಾರದಲ್ಲಿ ಎರಡನ್ನು ನಾನು ಹಾಳುಮಾಡಿದ್ದೆ.

ಮರುದಿನ ಕಪಾಟಿನಲ್ಲಿದ್ದ ಕ್ರೋಶಾ ಪುಸ್ತಕಗಳನ್ನೆಲ್ಲ ಮನೆಗೆ ಹೊತ್ತೆ. ಆರು ಇದ್ದವು. ಕೆಲಸದಿಂದ ಬಂದು ಸಂಜೆ ಒಂದೊಂದರ ಮೊದಲ ಪಾಠವನ್ನು ಹೆಣೆದು ನೋಡಿದೆ. ಒಂದರಲ್ಲಿ ಬಲಗೈ ಮಾತ್ರ ಕಾಣುತ್ತಿತ್ತು, ಎಡಗೈ ದಾರವನ್ನು ಎಲ್ಲಿ ಹಿಡಿದಿದೆಯೆಂದು ತಿಳಿಯುತ್ತಿರಲಿಲ್ಲ. ಒಂದರಲ್ಲಿ ಬರೀ ಗುರುತು, ಅಡ್ಡಗೆರೆ, ಸೊನ್ನೆ. ಇನ್ನೊಂದರಲ್ಲಿ ದಾರವೂ ಕಪ್ಪು, ಹಿನ್ನೆಲೆಯೂ ಕಪ್ಪು. ಹನ್ನೊಂದು ವರ್ಷ ಇವನ್ನು ಜನರ ಕೈಗೆ ಕೊಟ್ಟಿದ್ದೆ. ಓದಿದವರು ಸುಮ್ಮನೆ ವಾಪಸು ತಂದಿಟ್ಟು ಹೋಗಿದ್ದರು. ಒಬ್ಬರೂ ದೂರು ಹೇಳಿರಲಿಲ್ಲ. ಎಲ್ಲರೂ ವಾರ್ನಿತಿಯ ಹಾಗೆಯೇ ಅಂದುಕೊಂಡಿರಬೇಕು.

ಏಳನೆಯದು ಸಿಕ್ಕಿದ್ದು ರದ್ದಿನ ರಾಶಿಯಲ್ಲಿ. ಪಿನ್ನು ಹೊಡೆದ ನಲವತ್ತು ಪುಟದ ಪುಸ್ತಿಕೆ, ಹೊದಿಕೆ ಅರ್ಧ ಇಲ್ಲ, ಮೇಲೆ ನಾನೇ ಒತ್ತಿದ ಕೆಂಪು ಮುದ್ರೆ. ಯಾವುದೋ ಹಳ್ಳಿಯ ಹೆಂಗಸರ ಸಂಘಕ್ಕೆಂದು ಒಬ್ಬ ಶಾಲಾ ಶಿಕ್ಷಕಿ ಬರೆದದ್ದು. ಫೋಟೋ ಇಲ್ಲ, ಗೆರೆಚಿತ್ರ. ಪ್ರತಿ ಚಿತ್ರದಲ್ಲೂ ಎರಡೂ ಕೈ. ಪ್ರತಿ ಪಾಠದ ಕೊನೆಗೆ ‘ಹೀಗಾಗಿದ್ದರೆ ಬಿಚ್ಚಿ’ ಎಂದು ಒಂದು ಪುಟ. ಸೊಟ್ಟಗಾದದ್ದು, ಮುದುಡಿದ್ದು, ಅಂಚು ಕಿರಿದಾಗುತ್ತ ಹೋದದ್ದು, ಒಂದೊಂದನ್ನೂ ಬರೆದು, ಯಾಕೆ ಹಾಗಾಯಿತೆಂದು ಎರಡೇ ಮಾತಿನಲ್ಲಿ ಹೇಳಿತ್ತು. ನನ್ನ ರೊಟ್ಟಿಯೂ ಅಲ್ಲಿತ್ತು. ಅದು ಹೇಳಿದ ಹಾಗೆ ಬಿಚ್ಚಿ ಹೆಣೆದೆ, ಬಂತು.

ಆದರೆ ಅದರಲ್ಲಿ ಇದ್ದದ್ದು ಮೂರೇ ಪಾಠ. ಚೌಕದ ತುಂಡು, ಮಗುವಿನ ಟೋಪಿ, ತೋಳಿಗೆ ಹಾಕುವ ಚೀಲ.

ಮುಂದಿನ ಸರದಿಯ ಮಂಗಳವಾರ ವಾರ್ನಿತಿಯ ಮುಂದೆ ಅದನ್ನಿಟ್ಟು ನೇರವಾಗಿ ಹೇಳಿದೆ: “ಮೊದ್ಲು ಕೊಟ್ಟ ಪುಸ್ತಕ ಸರಿ ಇರ್ಲಿಲ್ಲ. ನಾನೂ ಮಾಡಿ ನೋಡ್ದೆ, ನಂಗೂ ಬರ್ಲಿಲ್ಲ. ತಪ್ಪು ನಿಂದಲ್ಲ. ಇದು ಬರತ್ತೆ, ಆದ್ರೆ ಇದ್ರಲ್ಲಿ ಗೊಂಬೆ ಇಲ್ಲ.”

ಅವಳು ಬಹಳ ಹೊತ್ತು ಪುಟ ತಿರುಗಿಸಿದಳು. ಗೆಂಡಿಸ್ ನನ್ನ ಚಪ್ಪಲಿ ಹಾಕಿಕೊಂಡು ಕೋಣೆಯ ತುಂಬ ಟಪಟಪ ಓಡಾಡುತ್ತಿತ್ತು.

“ಟೋಪಿ ಮಾಡೇ, ಬೇಗ ಆಗತ್ತೆ,” ಅಂದಳು ಒಬ್ಬಳು.

“ಟೋಪಿ ಯಾಕೆ? ತಲೆ ಬೆಳೀತು, ಟೋಪಿ ಮೂಲೆಗೆ ಹೋಯ್ತು,” ಅಂದಳು ಸಾರಿಕೆಮ್ ಅಜ್ಜಿ. “ಚೀಲ ಮಾಡು. ಚೀಲಕ್ಕೆ ವಯಸ್ಸಾಗಲ್ಲ.”

ವಾರ್ನಿತಿ ಚೀಲದ ಪುಟದ ಮೇಲೆ ಬೆರಳಿಟ್ಟಳು. “ಇಸ್ಕೂಲಿಗೂ ತಗೊಂಡ್ ಹೋಗ್ಬೋದು, ಅಲ್ವಾ ಬು?”

“ಹೋಗ್ಬೋದು.”

ಆಮೇಲಿನ ಎರಡು ವಾರದಲ್ಲಿ ಚೀಲದ ತಳ ಮುಗಿದು ಒಂದು ಪಕ್ಕ ಎದ್ದಿತು. ಹಳದಿ ದಾರ ಮುಗಿದಾಗ ಸಾರಿಕೆಮ್ ಅಜ್ಜಿ ತನ್ನ ಹಳೆಯ ಸ್ವೆಟರ್ ಬಿಚ್ಚಿ ಹಸಿರು ಕೊಟ್ಟಳು. “ಬಣ್ಣ ಹೊಂದಲ್ಲ ಅಂತ ಯಾವಳಾದ್ರೂ ಅಂದ್ರೆ ನನ್ನ ಹತ್ರ ಕಳ್ಸು,” ಅಂದಳಂತೆ. ನಾನು ಹೋದಾಗ ವಾರ್ನಿತಿ ಯಾರನ್ನೂ ಕೇಳದೆ, ಪುಟ ನೋಡಿ, ತಾನೇ ಎಣಿಸಿ, ತಾನೇ ಬಿಚ್ಚಿ, ತಾನೇ ಸರಿಮಾಡುತ್ತಿದ್ದಳು. ಇನ್ನೂ ನಾಲ್ಕು ವಾರ ಇದೆ, ಸಾಕು ಎಂದು ನಾವೆಲ್ಲ ಲೆಕ್ಕ ಹಾಕಿದೆವು.

ಅದರ ಮುಂದಿನ ಸರದಿಯ ಮಂಗಳವಾರ ಗೇಟಿನಲ್ಲಿ ವ್ಯಾನು ನಿಂತಾಗಲೇ ಬು ಹೆರ್ಮಿನ್ ಬಂದರು. “ಅಕ್ಕ ಬಂದ್ಬಿಟ್ಟಿದಾಳೆ,” ಅಂದರು. “ತೋಟದಲ್ಲಿ ಕುಯ್ಲು ಶುರುವಾಗತ್ತಂತೆ, ಆಮೇಲೆ ರಜ ಕೊಡಲ್ವಂತೆ. ಇವತ್ತೇ ಕರ್ಕೊಂಡ್ ಹೋಗ್ತಾಳೆ. ಮಧ್ಯಾಹ್ನದ ಬಸ್ಸು.”

ಭೇಟಿಯ ಕೋಣೆಯಲ್ಲಿ ಅಕ್ಕ ಬೆಂಚಿನ ಅಂಚಿಗೆ ಕೂತಿದ್ದಳು. ಬಿಸಿಲಿಗೆ ಕಪ್ಪಾದ ಮುಖ, ಒಂದು ರಾತ್ರಿ ಒಂದು ಹಗಲು ದಾರಿ ಸವೆಸಿದ ಕಣ್ಣು. ಎದುರಿಗೆ ವಾರ್ನಿತಿ, ಮಡಿಲಲ್ಲಿ ಗೆಂಡಿಸ್, ಪಕ್ಕದಲ್ಲಿ ಚೀಲ. ಚೀಲ ಪೂರ್ತಿ ಆಗಿತ್ತು, ಹಳದಿಯ ಮೇಲೆ ಹಸಿರು. ಆದರೆ ಹಿಡಿಕೆಯ ಪಟ್ಟಿ ಇನ್ನೂ ಹೆಣೆದಿರಲಿಲ್ಲ.

ಭೇಟಿಯ ಕೋಣೆಗೆ ಕಡ್ಡಿ ತರುವ ಹಾಗಿಲ್ಲ. ವಾರ್ನಿತಿ ಕೇಳಲೂ ಇಲ್ಲ. ಚೀಲದ ಬಾಯಿಯನ್ನು ಬೆರಳಿನಿಂದ ಸವರುತ್ತಿದ್ದಳು, ಅಷ್ಟೇ. ಬು ಹೆರ್ಮಿನ್ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ಹೋಗಿ ಪೆಟ್ಟಿಗೆಯ ಬೀಗ ತೆಗೆದು ಒಂದು ಕಡ್ಡಿ, ಉಳಿದ ದಾರ ತಂದು ಅವಳ ಕೈಗಿಟ್ಟರು.

“ನಾನು ಇಲ್ಲೇ ನಿಂತಿರ್ತೀನಿ,” ಅಂದರು. “ಒಂದು ಗಂಟೆ. ಮಾತಾಡ್ಬೇಡ, ಹೆಣಿ.”

ವಾರ್ನಿತಿ ಹೆಣೆದಳು. ಪುಸ್ತಿಕೆಯನ್ನು ನಾನು ಅವಳ ಎದುರು ತೆರೆದು ಹಿಡಿದಿದ್ದೆ. ಅವಳು ಅದನ್ನು ಒಂದೆರಡು ಸಲ ನೋಡಿರಬೇಕು. ಗೆಂಡಿಸ್ ದಾರದ ಉಂಡೆಯನ್ನು ಎಳೆಯುತ್ತ, ಬಿಡುತ್ತ, ನಗುತ್ತಿತ್ತು. ಅಕ್ಕ ಒಂದು ಸಲ, “ಅಳ್ಬೇಡ ಕಣೇ, ಹೆಣಿಗೆ ಕಾಣಲ್ಲ,” ಅಂದಳು. ವಾರ್ನಿತಿ ಅಳುತ್ತಿರಲಿಲ್ಲ. ಅಳುತ್ತಿದ್ದವಳು ಅಕ್ಕ.

ಪುಸ್ತಕದಲ್ಲಿ ಹೇಳಿದಷ್ಟು ಉದ್ದ ಆಗಲಿಲ್ಲ. ತೋಳಿಗೆ ಬರುವುದಿಲ್ಲ, ಕೈಯಲ್ಲಿ ಹಿಡಿಯಬಹುದು, ಅಷ್ಟು. ಅವಳು ಎರಡೂ ತುದಿಯನ್ನು ಚೀಲಕ್ಕೆ ಸೇರಿಸಿ, ಗಂಟು ಬಿಗಿದು, ದಾರವನ್ನು ಹಲ್ಲಿನಿಂದ ಕಡಿದಳು. ಕಡ್ಡಿಯನ್ನು ಬು ಹೆರ್ಮಿನ್‌ಗೆ ಒಪ್ಪಿಸಿದಳು. ಆಮೇಲೆ ಮಗುವನ್ನು ಕೆಳಗಿಳಿಸಿ ಚೀಲವನ್ನು ಅದರ ಕೈಗೆ ಕೊಟ್ಟಳು.

“ದೊಡ್ಡಮ್ಮನ ಜೊತೆ ಬಸ್ಸು ನೋಡ್ಕೊಂಡ್ ಬಾ, ಪುಟ್ಟಿ,” ಅಂದಳು.

ಬಸ್ಸು ಅಂದರೆ ಏನೆಂದು ಅದಕ್ಕೆ ಗೊತ್ತಿರಲಿಲ್ಲ. ಆದರೂ ಹೊರಟಿತು. ಗೇಟು ತೆರೆದಾಗ ಹಿಂದೆ ತಿರುಗದೆ ನಮ್ಮ ವ್ಯಾನಿನ ಕಡೆ ಓಡಿತು, ಅದೊಂದೇ ಅದರ ಪರಿಚಯದ್ದು. ಅಕ್ಕ ಎತ್ತಿಕೊಂಡು ರಸ್ತೆಯ ಕಡೆ ತಿರುಗಿಸಿದಳು. ವಾರ್ನಿತಿ ಬಾಗಿಲ ಬಳಿ ನಿಂತಿದ್ದಳು, ಗೇಟು ಮುಚ್ಚಿದ ಮೇಲೂ. ಬು ಹೆರ್ಮಿನ್ ಅವಳನ್ನು ಕರೆಯಲಿಲ್ಲ. ನಾನೂ ಕರೆಯಲಿಲ್ಲ.

ಎರಡು ತಿಂಗಳು ಅವಳು ಕೈಕೆಲಸದ ಕೋಣೆಗೆ ಬರಲಿಲ್ಲ. ಬಟ್ಟೆ ಒಗೆಯುವ ಕಡೆ ಕೆಲಸ ಹಾಕಿಸಿಕೊಂಡಿದ್ದಾಳೆಂದು ಕೇಳಿದೆ. ಶನಿವಾರ ಫೋನಿನಲ್ಲಿ ಮಾತಾಡಲು ಬಿಟ್ಟಾಗ ಗೆಂಡಿಸ್ ಮಾತಾಡುವುದಿಲ್ಲವಂತೆ, ಓಡಿಹೋಗುತ್ತದಂತೆ. ಚೀಲದಲ್ಲಿ ಈರುಳ್ಳಿ ತುಂಬಿಕೊಂಡು ಮನೆಯೆಲ್ಲ ತಿರುಗುತ್ತದೆಂದು ಅಕ್ಕ ಹೇಳಿದಳಂತೆ. ಇದನ್ನೆಲ್ಲ ನನಗೆ ಹೇಳಿದ್ದು ಸಾರಿಕೆಮ್ ಅಜ್ಜಿ. ಈ ಸಲ ಅವಳು ಯಾವ ಕುಚೋದ್ಯವನ್ನೂ ಸೇರಿಸಲಿಲ್ಲ.

ನಾನು ಕಪಾಟಿನ ಪುಸ್ತಕಗಳನ್ನು ಒಂದು ತುದಿಯಿಂದ ಮಾಡಿ ನೋಡುತ್ತ ಬರುತ್ತಿದ್ದೇನೆ. ಹೊಲಿಗೆಯದು ಮುಗಿಯಿತು, ಕಾಗದದ ಹೂವಿನದು ಅರ್ಧ ಆಗಿದೆ. ನಿಧಾನದ ಕೆಲಸ. ಕೆಲವು ಚೆಂದದ ಪುಸ್ತಕಗಳು ಹೋದವು, ಅದಕ್ಕೆ ಮೇಲಿನವರು ಗೊಣಗಿದರು.

ಕಳೆದ ಮಂಗಳವಾರ ಕ್ರೇಟು ಇಳಿಸುತ್ತಿದ್ದಾಗ ವಾರ್ನಿತಿ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಸೋಪಿನ ನೀರಿಗೆ ಅವಳ ಕೈ ಬಿಳಿಚಿತ್ತು. ಪುಸ್ತಕಗಳನ್ನು ಒಂದೊಂದಾಗಿ ತೆಗೆದಳು. ಹೊದಿಕೆ ನೋಡಲಿಲ್ಲ, ನಡುವಿನ ಪುಟ ತೆರೆದು ಕೈಗಳ ಚಿತ್ರ ಹುಡುಕಿದಳು. ಎರಡನ್ನು ವಾಪಸು ಇಟ್ಟಳು. ಮೂರನೆಯದು ಬೆತ್ತದ ಬುಟ್ಟಿಯದು.

“ಯಾರಿಗೆ?” ಎಂದು ಕೇಳಿದೆ.

“ಹೊಸಬಳೊಬ್ಳು ಬಂದಿದಾಳೆ, ಬು. ನಾಲ್ಕು ದಿನ ಆಯ್ತು, ಗೋಡೆ ನೋಡ್ಕೊಂಡು ಕೂತಿದಾಳೆ. ಯಾರ ಹತ್ರಾನೂ ಮಾತಿಲ್ಲ.”

ಪುಸ್ತಕ ಎತ್ತಿಕೊಂಡು ಒಳಗೆ ಹೋದಳು.