ಲಾನ್ ಕೊಟ್ಟ ಕ್ರೀಮು

ಪಕ್ಕದ ಸೀಟಿನ ಹೆಂಗಸು ರಂಜಿತಾಳ ಮೊಣಕೈಯನ್ನೇ ನೋಡುತ್ತಿದ್ದಾಳೆ, ಇಲ್ಲ, ಕಿಟಕಿಯಾಚೆ ನೋಡುತ್ತಿರಬಹುದು, ಮೊಣಕೈ ನಡುವೆ ಬಂದಿದೆ ಅಷ್ಟೆ, ಆದರೂ ರಂಜಿತಾ ಚೂಡಿದಾರದ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಳು, ಮಾಸ್ಕನ್ನು ಕಣ್ಣಂಚಿಗೆ ಏರಿಸಿದಳು — ವಿಯೆಟ್ನಾಮಿನ ಶಾಲೆಯಲ್ಲಿ ಎರಡು ವರ್ಷ ಇಂಗ್ಲಿಷ್ ಕಲಿಸಿದ ಮೇಲೆ ಕೈಗೆ ತಾನಾಗಿ ಅಂಟಿಕೊಂಡ ಅಭ್ಯಾಸ, ಅಲ್ಲಿ ಹೆಂಗಸರೆಲ್ಲ ಸ್ಕೂಟರ್ ಹತ್ತುವ ಮುಂಚೆ ಟೋಪಿ, ಮಾಸ್ಕು, ಗ್ಲೌಸು, ಸೊಂಟದಿಂದ ಕಾಲಿನವರೆಗೆ ಒಂದು ಬಟ್ಟೆ, ಬಿಸಿಲೆಂದರೆ ಅಷ್ಟು ಭಯ. ಚಳ್ಳಕೆರೆ ಸ್ಟ್ಯಾಂಡಿನಲ್ಲಿ ಊರಿಗೆ ಹೋಗುವ ಪ್ರೈವೇಟ್ ಬಸ್ಸು ಇನ್ನೂ ನಿಂತೇ ಇದೆ, ತಳಕು, ಹಾನಗಲ್, ಮೊಳಕಾಲ್ಮುರು, ಬರ್ರಿ ಬರ್ರಿ ಎಂದು ಏಜೆಂಟ್ ಕೂಗುತ್ತಿದ್ದಾನೆ, ಮಿಲ್ಲುಗಳ ಕಡೆಯಿಂದ ಶೇಂಗಾ ಹಿಂಡಿಯ ವಾಸನೆ, ಬ್ಯಾಗಿನೊಳಗೆ ವೀಸಾಕ್ಕೆಂದು ಈಗಷ್ಟೇ ತೆಗೆಸಿದ ಫೋಟೋಗಳ ಕವರು. ಸ್ಟುಡಿಯೋದವನು ಸ್ವಲ್ಪ ಬ್ರೈಟ್ ಮಾಡ್ಲಾ ಮೇಡಂ ಅಂದಿದ್ದ, ಬೇಡ ಅಂದಿದ್ದಳು, ಆದರೂ ಮಾಡಿದ್ದಾನೆ, ಕೆನ್ನೆ ಯಾರದೋ, ಕಿವಿ ಮಾತ್ರ ತನ್ನದು, ಬೇಡ ಅಂದಿದ್ನಲ್ಲ ಅಂದರೆ, ಎಲ್ರೂ ಹಂಗೇ ಅಂತಾರೆ ಮೇಡಂ, ಆಮೇಲೆ ಖುಷಿಯಾಗ್ತಾರೆ ಎಂದು ನಕ್ಕ. ಯಾಕೆ ನಕ್ಕ? ಯಾರಾದರೂ ನಕ್ಕರೆ ಯಾಕೆ ಎಂದು ಕೇಳಿಕೊಳ್ಳುವುದು ಯಾವಾಗಿನಿಂದ ಶುರುವಾಯಿತೋ, ಆ ಬ್ಯಾನರಿನಿಂದ ಇರಬೇಕು, ಶಾಲೆಯ ಗೇಟಿಗೆ ಕಟ್ಟಿದ್ದ ಬ್ಯಾನರು, ಮುಂದೆ ಚಿನ್ನದ ಕೂದಲಿನ ಹುಡುಗಿ, ಅವಳು ಆ ಶಾಲೆಯವಳೇ ಅಲ್ಲ, ಎಲ್ಲಿಂದಲೋ ತಂದ ಚಿತ್ರ, ದಿನಾ ಐದು ತರಗತಿಗೆ ಪಾಠ ಹೇಳುವ ರಂಜಿತಾ ಮೂಲೆಯಲ್ಲಿ, ಬಲೂನಿನ ಹಿಂದೆ ಅರ್ಧ ಮುಖ. ಪೋಷಕರು ಕೇಳಿದರೆ ಫಾರಿನ್ ಟೀಚರ್ ಅಂತ ಮಾತ್ರ ಹೇಳಿ, ಯಾವ ದೇಶ ಅಂತ ಹೇಳಬೇಕಾಗಿಲ್ಲ, ಎಂದು ಪ್ರಿನ್ಸಿಪಾಲರು ಎಷ್ಟು ಮೆತ್ತಗೆ ಹೇಳಿದ್ದರು, ಹೂವು ಕೊಟ್ಟ ಹಾಗೆ.

ಮಕ್ಕಳದೇನೂ ತಪ್ಪಿಲ್ಲ, ಮೊದಲ ದಿನ ಒಂದು ಪುಟ್ಟ ಹುಡುಗಿ ಬಂದು ಬೆರಳಿಗೆ ಎಂಜಲು ಮಾಡಿಕೊಂಡು ರಂಜಿತಾಳ ಕೈ ತಿಕ್ಕಿ, ತನ್ನ ಬೆರಳು ನೋಡಿಕೊಂಡು, ಉಳಿದವರ ಕಡೆ ತಿರುಗಿ ತಲೆಯಾಡಿಸಿತ್ತು, ಇಲ್ಲ, ಹೋಗ್ತಿಲ್ಲ — ರಜೆಗೆ ಬಂದ ದಿನ ಊಟಕ್ಕೆ ಕೂತಾಗ ಅದನ್ನು ಅಭಿನಯಿಸಿ ತೋರಿಸಿದ್ದಳು, ಅಣ್ಣ ಚೌಡೇಶನಿಗೆ ನೆತ್ತಿಗೆ ಹತ್ತುವಷ್ಟು ನಗು, ಅತ್ತಿಗೆ ಜ್ಯೋತಿಲಕ್ಷ್ಮಿ ಕಣ್ಣೊರೆಸಿಕೊಂಡು ನಕ್ಕಿದ್ದಳು, ಅವ್ವ ನಕ್ಕಿದ್ದಳಾ, ನೆನಪಿಲ್ಲ. ಲಾನ್ ವಿಷಯವನ್ನೂ ಹೇಳಿದ್ದಳು, ಜೊತೆಯ ಟೀಚರ್ ಲಾನ್, ಮಧ್ಯಾಹ್ನ ತನ್ನ ಊಟದಲ್ಲಿ ಪಾಲು ಕೊಡುವವಳು, ಜ್ವರ ಬಂದಾಗ ಗಂಜಿ ಹೊತ್ತುಕೊಂಡು ಮೂರು ಮಹಡಿ ಹತ್ತಿ ಬಂದವಳು, ನಿನ್ನ ಮೂಗು ಎಷ್ಟು ಎತ್ತರ, ಕಣ್ಣು ಎಷ್ಟು ದೊಡ್ಡವು, ನನಗಿದ್ದಿದ್ದರೆ ಎಂದು ನಿಟ್ಟುಸಿರು ಬಿಟ್ಟು, ಹುಟ್ಟುಹಬ್ಬಕ್ಕೆ ಒಂದು ಬಿಳಿ ಡಬ್ಬಿ ಕೈಗಿಟ್ಟಿದ್ದಳು, ಇದೊಂದು ಹಚ್ಚಿಕೋ, ಆಮೇಲೆ ನಿನ್ನನ್ನು ಹಿಡಿಯುವವರೇ ಇಲ್ಲ. ಅಷ್ಟು ಪ್ರೀತಿಯಿಂದ ಕೊಟ್ಟದ್ದನ್ನು ಎಸೆಯುವುದು ಹೇಗೆ, ಹಚ್ಚಿಕೊಳ್ಳುವುದು ಹೇಗೆ, ಮುಚ್ಚಳ ಕೂಡ ತೆಗೆಯದೆ ಸೂಟ್‌ಕೇಸಿನ ತಳಕ್ಕೆ ತುರುಕಿದ್ದಳು, ಹೋದ ವಾರ ನೋಡಿದರೆ ಡಬ್ಬಿ ಇಲ್ಲ. ಅತ್ತಿಗೆಯೇ, ಇನ್ಯಾರು, ಮೊದಲೇ ಬೆಳ್ಳಗಿದ್ದಾಳೆ, ಸೊಸೆ ಬಂಗಾರದ ಗೊಂಬೆ ಎಂದು ಕೇರಿಯವರೆಲ್ಲ ಹೊಗಳಿದ್ದು ಸಾಲದೆ, ಕೇಳಿದರೆ ಕೊಡುತ್ತಿರಲಿಲ್ಲವೇ, ಕದಿಯಬೇಕಿತ್ತೇ.

ಮತ್ತೆ ಮನೆಯಲ್ಲಿ ಆ ಪಿಸುಮಾತು, ರಂಜಿತಾ ಒಳಗೆ ಬಂದರೆ ಸಾಕು ಮಾತು ನಿಲ್ಲುತ್ತದೆ, ಅಣ್ಣ ಫೋನನ್ನು ಬೋರಲು ಹಾಕುತ್ತಾನೆ, ಅವ್ವ ರಾಧಮ್ಮನಂತೂ ಮಗ್ಗ ಬಿಟ್ಟು ಏಳುವುದೇ ಇಲ್ಲ, ರೇಷ್ಮೆ ಎಳೆಗಳ ಮೇಲೆ ಬಗ್ಗಿದವಳು ಮುಖ ಎತ್ತುವುದಿಲ್ಲ, ಊಟ ಅಡಿಗೆಮನೆಯ ಕತ್ತಲೆಯಲ್ಲಿ, ಸೆರಗು ಕೆನ್ನೆಯ ಮೇಲೆ, ಯಾಕವ್ವ ಅಂದರೆ ತಲೆನೋವು, ಬೆಳಕು ಆಗಲ್ಲ. ಗಂಡು ನೋಡಿದ್ದಾರೆ, ಅದೇ, ಯಾವುದೋ ಹಳೇ ಫೋಟೋ ಬೆಳ್ಳಗೆ ಮಾಡಿಸಿ ಯಾರಿಗೋ ಕಳಿಸಿದ್ದಾರೆ, ವಾಪಸು ಹೋಗಲು ಬಿಡದ ಹಾಗೆ ಮಾಡುತ್ತಿದ್ದಾರೆ. ಮಕ್ಕಳು ಟೀಚರ್ ಮನೆ ತೋರಿಸಿ ಎಂದು ಕೇಳಿವೆ, ರಜೆ ಮುಗಿಯೋದ್ರೊಳಗೆ ಫೋನಿನಲ್ಲಿ ನಿನ್ನನ್ನೂ ನಿನ್ನ ಮಗ್ಗವನ್ನೂ ತೋರಿಸ್ತೀನಿ ಎಂದು ಬಂದ ದಿನವೇ ಹೇಳಿದ್ದಕ್ಕೆ ಅವ್ವ ಏನಂದಳು, ನನ್ನಾ, ನನ್ನ್ಯಾಕೆ, ನಿಮ್ಮತ್ತಿಗೇನ ತೋರ್ಸು — ಹೆತ್ತವಳಿಗೂ ಬಿಳಿ ಸೊಸೆಯೇ ಬೇಕು. ಇವತ್ತು ಬೆಳಗ್ಗೆ ಅಣ್ಣ ಚಪ್ಪಲಿ ಮೆಟ್ಟುತ್ತಾ, ದೇವಸಮುದ್ರಕ್ಕೆ ಹೋಗ್ಬರ್ತೀವಿ ರಂಜಿ, ಚಿಕ್ಕಕ್ಕಗೆ ಹುಷಾರಿಲ್ಲಂತೆ, ಅವ್ವನ್ನೂ ಕರ್ಕಂಡು ಹೋಗ್ತೀನಿ ಅಂದ, ಅಂದವನು ಅಗೋ, ಅಗೋ ಅಲ್ಲಿ, ದೇವಸಮುದ್ರದಲ್ಲಲ್ಲ, ಇದೇ ಬಸ್ಸಿನ ಮುಂದಿನ ಬಾಗಿಲಲ್ಲಿ ಹತ್ತುತ್ತಿದ್ದಾನೆ, ನೀಲಿ ಅಂಗಿ, ಹಿಂದೆ ಸೆರಗು ಮುಖ ತುಂಬ ಎಳೆದುಕೊಂಡ ಅವ್ವ.

ರಂಜಿತಾ ತಲೆ ತಗ್ಗಿಸಿದಳು, ಅವರು ಹಿಂದೆ ನೋಡಲಿಲ್ಲ, ನೋಡಿದರೂ ಮಾಸ್ಕಿನಲ್ಲಿ ಗುರುತು ಸಿಗದು, ಎರಡು ಸೀಟು ಮುಂದೆ ಕೂತರು, ಬಸ್ಸು ಹೊರಟಿತು. ಯಾರ ಮನೆ ನೋಡಿ ಬಂದಿರಿ, ಏನೆಂದು ಹೇಳಿದಿರಿ ನನ್ನ ಬಗ್ಗೆ, ಊರು ಕಳೆದು ಬಯಲು ಬಂತು, ಇಂಜಿನ್ ಸದ್ದಿನ ನಡುವೆ ಅಣ್ಣನ ದನಿ ತುಂಡು ತುಂಡಾಗಿ, ಡಾಕ್ಟ್ರು ಹೇಳಿದ್ರಲ್ಲ, ಬಿಸಿಲು ಬೀಳಂಗಿಲ್ಲ ಅಂತ, ಇನ್ನೆಷ್ಟು ದಿನ ಮುಚ್ಚಿಡ್ತೀಯ, ರಂಜಿಗೆ ಹೇಳಿಬಿಡು, ಅವ್ವನ ದನಿ, ಅರ್ಧ ತೆಲುಗು ಅರ್ಧ ಕನ್ನಡ, ವದ್ದಪ್ಪಾ, ದಾನಿಕಿ ಚೆಪ್ಪೊದ್ದು, ಹೇಳಬ್ಯಾಡ ಅವಳಿಗೆ, ಕೊರಗ್ತಾಳೆ. ಡಾಕ್ಟ್ರು — ಹಾಗಾದರೆ ಗಂಡಲ್ಲ, ಕಾಯಿಲೆ, ಎಂಥ ಕಾಯಿಲೆ, ಎದ್ದಳು, ಬಸ್ಸು ವಾಲಿತು, ಕಂಬಿ ಹಿಡಿದು ಮುಂದೆ ಬಂದು ಮಾಸ್ಕು ಕಿತ್ತು ಅವ್ವನ ಕಾಲ ಬಳಿ ಕುಕ್ಕರಿಸಿದಳು, ಅಯ್ಯೋ ರಂಜಿ, ನೀನ್ಯಾವಾಗ ಹತ್ತಿದೆ, ಎಂದು ಅಣ್ಣ ಅರ್ಧ ಎದ್ದು ನಿಂತ, ಅವ್ವ ಸೆರಗನ್ನು ಹಲ್ಲಲ್ಲಿ ಕಚ್ಚಿ ಹಿಡಿದಳು. ಏನಾಗೈತೆ ಅವ್ವ, ತೆಗಿ. ಏನಿಲ್ಲ ಕಣೆ, ಬಿಸಿಲು. ತೆಗಿ ಅಂದೆ. ಅಣ್ಣನೇ ಕಿಟಕಿ ಕಡೆ ನೋಡುತ್ತಾ ಹೇಳಿದ, ನಿನ್ನ ಪೆಟ್ಟಿಗ್ಯಾಗೆ ಇತ್ತಲ್ಲ ಬಿಳೀ ಡಬ್ಬಿ, ಅದನ್ನ ಹಚ್ಕಂಡೈತೆ, ಹೊತ್ತಾರೆ ಒಂದ್ಸಲ ಸಂಜಿಗೊಂದ್ಸಲ, ಡಬ್ಬಿ ಬರಿದಾಗೋ ತನಕ, ಮುಖ ಸುಟ್ಟಂಗಾದ ಮೇಲೇನೆ ನಮಗೂ ಗೊತ್ತಾಗಿದ್ದು.

ಅತ್ತಿಗೆ ಅಲ್ಲ, ಅತ್ತಿಗೆಯ ಮೇಲೆ ಎಷ್ಟು ದಿನ ಮುಖ ಗಂಟಿಕ್ಕಿಕೊಂಡು ಓಡಾಡಿದೆನಲ್ಲ, ಅವಳೂ ಬಾಯಿ ಬಿಡದೆ ಸಹಿಸಿದಳಲ್ಲ. ಯಾಕವ್ವ, ನಿನಗ್ಯಾಕೆ ಬೇಕಿತ್ತು ಅದು, ಈ ವಯಸ್ಸಿಗೆ, ಯಾರು ಕೇಳಿದ್ರು ನಿನ್ನ — ಗದರಿಕೆಯಾಗಿ ಹೊರಟದ್ದು ಅಳುವಾಗಿ ಬಂತು, ಅವ್ವ ಅವಳ ತಲೆಯ ಮೇಲೆ ಕೈಯಿಟ್ಟಳು, ಮೆಲ್ಲಗೆ, ಸೆರಗು ಕಚ್ಚಿದ ಹಲ್ಲಿನ ಸಂದಿಯಿಂದ ಅಂದಳು, ಆ ಕೂಸುಗಳು ಫೋನಾಗೆ ನನ್ನ ನೋಡ್ತಾವೆ ಅಂದ್ಯಲ್ಲ, ನಿನ್ನ ಕೈನೇ ತಿಕ್ಕಿ ನೋಡಿದವು, ನನ್ನ ನೋಡಿದ್ರೆ, ಓ ಇವಳಿಂದಾನೇ ನಮ್ಮ ಟೀಚರಿಗೆ ಈ ಬಣ್ಣ ಅಂತಾವೆ, ಅಷ್ಟು ದೂರದಾಗೆ ಒಬ್ಳೇ ಇರ್ತೀಯ, ಸ್ವಲ್ಪ ತಿಳಿಯಾದ್ರೆ ಸಾಕು ಅನ್ಕಂಡೆ, ಪೂರಾ ಬೆಳ್ಳಗಾಗಕ್ಕೇನಲ್ಲ. ಮಾತಾಡುವಾಗ ಸೆರಗು ಹಲ್ಲಿನಿಂದ ಜಾರಿತು, ಎತ್ತಿಕೊಳ್ಳಲು ಅವ್ವ ಹೋಗಲಿಲ್ಲ. ಗಲ್ಲ, ಕೆನ್ನೆ, ಹಣೆ ಎಲ್ಲ ಬೆಳ್ಳಗೆ ಅಲ್ಲ ಕೆಂಪಗೆ ಅಲ್ಲ, ಸುಲಿದ ಹಾಗೆ, ಅಂಚಿನಲ್ಲಿ ಸಿಪ್ಪೆ, ಕಿಟಕಿಯ ಬಿಸಿಲು ಅದರ ಮೇಲೇ ಬೀಳುತ್ತಿತ್ತು, ರಂಜಿತಾ ದುಪಟ್ಟಾ ಎಳೆದು ಕಿಟಕಿಯ ಸರಳುಗಳಿಗೆ ಸಿಕ್ಕಿಸಿದಳು, ಗಾಳಿಗೆ ಹಾರಿತು, ಕೈಯಲ್ಲೇ ಒತ್ತಿ ಹಿಡಿದಳು, ತಳಕು ಬಂತು, ತಳಕು ಇಳೀರಿ ಎಂದು ಕಂಡಕ್ಟರ್ ಕೂಗಿದ, ಯಾರೋ ಮೇಲಿಂದ ಚೀಲ ದಾಟಿಸಿದರು, ಅವಳು ಅವ್ವನ ಮೂಗುಬೊಟ್ಟು ನೋಡುತ್ತಿದ್ದಳು, ಮದುವೆಯ ದಿನದಿಂದ ಬಿಚ್ಚದ ಹರಳಿನ ಮೂಗುಬೊಟ್ಟು, ಅದಕ್ಕೆ ಕ್ರೀಮು ತಾಗಿ ಕಂದೀತೆಂದು ಅದರ ಸುತ್ತ ಮಾತ್ರ ಹಚ್ಚಿಲ್ಲ, ಬೆರಳ ತುದಿಯಿಂದ ಬಳಸಿ ಬಳಸಿ ಬಿಟ್ಟಿದ್ದಾಳೆ, ಕನ್ನಡಿ ಹಿಡಿದು, ಯಾರೂ ಇಲ್ಲದ ಹೊತ್ತು ನೋಡಿ — ಅಷ್ಟಗಲ ಮಾತ್ರ ಅವ್ವನ ಬಣ್ಣ, ತೊಗರಿಬೇಳೆಯಷ್ಟಗಲ, ಬಸ್ಸು ಮತ್ತೆ ಹೊರಟಿತು, ಮೂಗುಬೊಟ್ಟಿನ ಸುತ್ತ, ಗುಂಡಗೆ, ಅವ್ವ ಏನೋ ಕೇಳುತ್ತಿದ್ದಾಳೆ, ಮೂಗುಬೊಟ್ಟಿನ ಸುತ್ತ, ಕಪ್ಪಗೆ, ನುಣ್ಣಗೆ, ಅಷ್ಟಗಲ.