ಹೆಸರು ಹೇಳಬಾರದವರು

ಬಿಷ್ಕೆಕ್ಕಿನ ಆ ಚಿತ್ರಮಂದಿರದ ಬಾಗಿಲಲ್ಲಿ ನಿಂತು ಬೇಗಿಮಾಯ್ ಕೊನೆಯದೊಂದು ಪ್ರಯತ್ನ ಮಾಡಿದಳು.

“ಆತಾ, ಪಕ್ಕದ ಹಾಲ್‌ನಲ್ಲಿ ಕುದುರೆ ಸಿನಿಮಾ ಇದೆ. ತುಂಬಾ ಚೆನ್ನಾಗಿದೆಯಂತೆ.”

“ಕುದುರೆ ಬೇಕಾದಷ್ಟು ನೋಡಿದೀನಮ್ಮ,” ಎಂದರು ಮಾವ. “ಸೊಸೆಯ ಸಿನಿಮಾ ಇನ್ನೂ ನೋಡಿಲ್ಲ.”

ಹಾಗೆಂದವರೇ ಬಿಳಿ ಉಣ್ಣೆಯ ಕಲ್ಪಕ್ ಟೋಪಿಯನ್ನು ನೆಟ್ಟಗೆ ಮಾಡಿಕೊಂಡು, ಎದೆಯ ಪದಕವನ್ನು ತೋಳಿನಿಂದ ಒರೆಸಿಕೊಂಡು ಒಳಗೆ ನಡೆದರು. ಹಿಂದೆ ಅತ್ತೆ ಉಮ್ಸುನಾಯ್. ಹೊರಗಿನ ತಿಂಡಿ ತರಬಾರದೆಂಬ ಫಲಕವನ್ನು ಜೋರಾಗಿ ಓದಿ, ಕರಿದ ಬೋರ್ಸೋಕಿನ ಗಂಟನ್ನು ಕೋಟಿನೊಳಗೆ ಇನ್ನಷ್ಟು ಆಳಕ್ಕೆ ತಳ್ಳಿಕೊಂಡರು. ಗಂಡ ತಿಲೆಕ್ ಟಿಕೆಟ್ ಹಿಡಿದು ಬಂದ. ಅಪ್ಪನಿಗೆ ಆಗಲ್ಲ ಅನ್ನಲಾರದೆ ಅದನ್ನು ಕೊಂಡವನೂ ಅವನೇ.

ಮಾವನ ಹೆಸರು ಜುಮಾಕದಿರ್. ನಾವು ಹೇಳಬಹುದು, ಬೇಗಿಮಾಯ್ ಹೇಳುವಂತಿಲ್ಲ. ಕಿರ್ಗಿಜರಲ್ಲಿ ಕೆಲಿನ್, ಅಂದರೆ ಸೊಸೆ, ಗಂಡನ ಕಡೆಯ ಹಿರಿಯರ ಹೆಸರನ್ನು ನಾಲಗೆಗೆ ತರಬಾರದು. ಆ ಹೆಸರಿನ ನೆರೆಮನೆಯವನೊಬ್ಬನಿದ್ದರೆ ಅವನನ್ನೂ ‘ಮೀಸೆಯವರು’ ಎಂದೋ ‘ಕಾರಿನವರು’ ಎಂದೋ ಕರೆದು ಬದುಕಬೇಕು.

ಜುಮಾಕದಿರ್ ತಮ್ಮ ಒಂಬತ್ತು ಮಹಡಿಯ ಕಟ್ಟಡದ ಸಮಿತಿಗೆ ಅಧ್ಯಕ್ಷರು. ಚುನಾವಣೆ ಯಾವಾಗ ನಡೆಯಿತೋ ಯಾರಿಗೂ ನೆನಪಿಲ್ಲ. ತಾರಸಿಯ ಕೀಲಿ, ನೆಲಮಾಳಿಗೆಯ ಕೀಲಿ, ಬಿಸಿನೀರಿನ ಕೊಳವೆಯ ತಿರುಪು ಎಲ್ಲವೂ ಅವರ ಜೇಬಿನಲ್ಲಿ. ‘ಮೆಟ್ಟಿಲ ಮೇಲೆ ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿದವರಿಗೆ ನೀರು ಬಂದ್’ ಎಂದು ಬಾಗಿಲಲ್ಲಿ ಚೀಟಿ ಅಂಟಿಸುವವರೂ ಅವರೇ.

ಇಂಥವರ ಮನೆಯಲ್ಲಿ ಕೂತು ಬೇಗಿಮಾಯ್ ಚಿತ್ರಗಳಲ್ಲೇ ಕಥೆ ಹೇಳುವ ಒಂದು ಕಾಮಿಕ್ಸ್ ಪುಸ್ತಕ ಬರೆದಳು. ಲೋಕ ಮುಳುಗಿದ ಮೇಲೆ ಉಳಿದ ಒಂದೇ ಗೋಪುರ, ಅದರ ತುದಿಯಲ್ಲಿ ಕೂತು ಜನರ ನೀರು, ಬೆಂಕಿ, ನಿದ್ದೆ ಎಲ್ಲವನ್ನೂ ಅಳೆದು ಕೊಡುವ ಒಬ್ಬ ಸರ್ವಾಧಿಕಾರಿ. ಅವನಿಗೆ ಹೆಸರಿಲ್ಲ. ‘ಮೇಲಿನವರು’ ಅಷ್ಟೇ. ಪತ್ರಿಕೆಯವರು ಆ ಹೆಸರಿಲ್ಲದಿರುವಿಕೆಯ ಬಗ್ಗೆ ಪುಟಗಟ್ಟಲೆ ಬರೆದರು. ಅಧಿಕಾರದ ಮುಖಹೀನತೆಯಂತೆ, ಭಯದ ಮೌನವಂತೆ. ಬೇಗಿಮಾಯ್ ಎಲ್ಲಕ್ಕೂ ತಲೆಯಾಡಿಸಿದಳು. ಅವನ ಮುಖ ಬರೆಯುವಾಗ ಕಣ್ಣ ಮುಂದೆ ಯಾರಿದ್ದರೋ ಅವರ ಹೆಸರು ಬರೆಯಲು ಕೈ ಏಳಲಿಲ್ಲ ಎಂದು ಪತ್ರಿಕೆಗೆ ಹೇಳಲಾದೀತೆ?

ಮಾವ ಪುಸ್ತಕ ತೆರೆದಿರಲಿಲ್ಲ. “ಮಕ್ಕಳ ಚಿತ್ರ ತಾನೇ, ಬರ್ಕೊಳ್ಳಲಿ,” ಎಂದಿದ್ದರು. ಈಗ ಆ ಪುಸ್ತಕ ಸಿನಿಮಾ ಆಗಿತ್ತು, ಪ್ರಕಾಶಕರು ಎರಡನೆಯ ಭಾಗ ಕೇಳಿದ್ದರು. ಸಿನಿಮಾ ನೋಡಿ ಮಾವನಿಗೆ ತಮ್ಮ ಗುರುತು ಸಿಕ್ಕಿತೋ, ಎರಡನೆಯ ಭಾಗವಲ್ಲ, ಪೆನ್ಸಿಲ್ಲೇ ಮನೆಯಲ್ಲಿ ಉಳಿಯುವುದಿಲ್ಲ.

ದೀಪ ಆರಿತು.

“ಅಕ್ಸಕಾಲ್, ಹಿರಿಯರೇ, ಸ್ವಲ್ಪ ಟೋಪಿ ತೆಗೀತೀರಾ? ಏನೂ ಕಾಣಿಸ್ತಿಲ್ಲ,” ಎಂದಿತು ಹಿಂದಿನ ಸಾಲಿನ ದನಿ.

“ಕಲ್ಪಕ್ ತೆಗೆದು ಎಲ್ಲಿಡ್ಲಪ್ಪ, ನಿನ್ನ ಕಾಲ ಹತ್ರ ಇಡ್ಲಾ?”

“ಮಡಿಲಲ್ಲಿ ಇಟ್ಕೊಳ್ಳಿ.”

“ನೀನು ಸ್ವಲ್ಪ ಎತ್ತರ ಬೆಳೀಬೇಕಿತ್ತು.”

ಸಿನಿಮಾದವರು ಅವಳ ಕಥೆಗೆ ಮಾಡಬೇಕಾದ್ದನ್ನೆಲ್ಲ ಮಾಡಿದ್ದರು. ಅನ್ನಕ್ಕೆ ಗತಿಯಿಲ್ಲದ ಗೋಪುರದಲ್ಲಿ ನಾಯಕಿಗೆ ಹೊಚ್ಚಹೊಸ ಚರ್ಮದ ಉಡುಪು. ನೀರನ್ನು ಅಳೆದು ಕೊಡುವ ಊರಿನಲ್ಲಿ ತೊಳೆದು ಹಾರಾಡುವ ಕೂದಲು. ಅವಳು ಕಿಟಕಿಯಿಂದ ಕಿಟಕಿಗೆ ಜಿಗಿಯುವಾಗಲೆಲ್ಲ ಎಲ್ಲಿಂದಲೋ ನೂರು ಪಿಟೀಲು.

“ಬೇಗಿಮ್, ಇದು ಮುಂದೆ ಬರೋ ಕೆಟ್ಟ ಕಾಲ ಅಂದ್ಯಲ್ಲೇ?” ಅತ್ತೆ ಬೋರ್ಸೋಕ್ ಅಗಿಯುತ್ತ ಪಿಸುಗುಟ್ಟಿದರು. ಆ ಪಿಸುಮಾತು ಮೂರು ಸಾಲಿಗೆ ಕೇಳಿಸಿತು. “ಲಿಫ್ಟ್ ಓಡ್ತಾ ಇದೆಯಲ್ಲ!”

“ಹೂಂ, ಅಪಾ.”

“ದಿನಕ್ಕೆರಡು ಸಲ ಬಿಸಿನೀರು ಬೇರೆ. ಕೆಟ್ಟ ಕಾಲ ಯಾವಾಗ ಶುರುವಾಗುತ್ತೆ?”

ಹೊರಗೆ ಬಿಷ್ಕೆಕ್ಕಿನ ಚಳಿಗಾಲದ ಹೊಗೆ ಎದುರು ಮನೆಯನ್ನೂ ನುಂಗಿತ್ತು. ಪರದೆಯ ಮೇಲಿನ ಘೋರ ಭವಿಷ್ಯದಲ್ಲಿ ಆಕಾಶವಾದರೂ ಕಾಣುತ್ತಿತ್ತು.

ಅಷ್ಟರಲ್ಲಿ ‘ಮೇಲಿನವರು’ ಬಂದರು. ಮಾವನದೇ ಹುಬ್ಬು, ಮಾವನದೇ ಕೆಮ್ಮು. ಧ್ವನಿವರ್ಧಕ ಹಿಡಿದು ಗುಡುಗಿದರು: ಮೆಟ್ಟಿಲ ಮೇಲೆ ಸಿಪ್ಪೆ ಉಗಿದವರಿಗೆ ಇಂದಿನಿಂದ ನೀರಿಲ್ಲ!

ಬೇಗಿಮಾಯ್ ಓರೆಗಣ್ಣಿನಿಂದ ಮಾವನ ಕಡೆ ನೋಡಿದಳು.

“ಸರಿಯಾಗೇ ಹೇಳ್ದ,” ಎಂದರು ಮಾವ.

ಹಾಲ್‌ನಲ್ಲಿದ್ದ ಇನ್ನೂ ನಾಲ್ಕೈದು ಹಿರಿಯರು ಹೌದೌದೆಂದರು. ಒಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಅಲ್ಲಿಂದಾಚೆ ಸರ್ವಾಧಿಕಾರಿ ಏನು ಕಟ್ಟಪ್ಪಣೆ ಮಾಡಿದರೂ ಮಾವನ ಒಪ್ಪಿಗೆ ಸಿಗುತ್ತಲೇ ಹೋಯಿತು. ಹತ್ತು ಗಂಟೆಗೆ ದೀಪ ಬಂದ್. ಒಳ್ಳೇದು. ಬೀಗದ ಕೈ ಒಬ್ಬನ ಹತ್ತಿರವೇ. ಮತ್ತಿನ್ನೇನು. ಕೊನೆಗೆ ಜನ ದಂಗೆಯೆದ್ದು, ತೊಂಬತ್ತನೆಯ ಮಹಡಿಗೆ ಹತ್ತಿ, ‘ಮೇಲಿನವರ’ನ್ನು ಕೆಳಗೆ ತಳ್ಳಿದಾಗ ಹಾಲ್‌ನ ಹುಡುಗರೆಲ್ಲ ಸಿಳ್ಳೆ ಹೊಡೆದರು.

ದೀಪ ಹತ್ತಿದ ಮೇಲೂ ಮಾವ ಏಳಲಿಲ್ಲ. ಅವರನ್ನು ದಾಟಿ ಹೋಗುವ ಧೈರ್ಯವಿಲ್ಲದೆ ಸಾಲಿಗೆ ಸಾಲೇ ನಿಂತಿತು.

“ಆ ಮನುಷ್ಯನಿಗೆ ಹೆಸರು ಯಾಕೆ ಇಟ್ಟಿಲ್ಲ?” ಎಂದು ಸೊಸೆಯನ್ನು ಕೇಳಿದರು.

“ಅದು ಸಂಕೇತ, ಆತಾ,” ಎಂದು ತಿಲೆಕ್ ನಡುವೆ ಬಂದ. “ಪತ್ರಿಕೆಯವರು ಏನ್ ಬರೆದಿದಾರೆ ಅಂದ್ರೆ, ಅಧಿಕಾರದ ಮುಖ...”

“ನಿನ್ನ ಕೇಳಿದ್ನಾ?”

ಬೇಗಿಮಾಯ್ ತಲೆ ಎತ್ತಲಿಲ್ಲ. ಸುಳ್ಳು ಹುಡುಕಿದಳು, ಹತ್ತಿರದಲ್ಲಿ ಒಂದೂ ಇರಲಿಲ್ಲ.

“ಹೆಸರು ಹೇಳಬಾರದವರು ಆಗಿದ್ರು, ಆತಾ.”

ಮಾವ ಹೆಂಡತಿಯ ಕಡೆ ತಿರುಗಿದರು.

“ಕೇಳಿದ್ಯಾ ಮುದುಕಿ? ಇಷ್ಟು ದಪ್ಪ ಪುಸ್ತಕ, ಇಷ್ಟು ದೊಡ್ಡ ಸಿನಿಮಾ. ಊರೆಲ್ಲ ನೋಡ್ತಿದೆ. ಒಂದ್ಸಲ, ಒಂದೇ ಒಂದ್ಸಲ ನನ್ನ ಹೆಸರು ಬಾಯಿಂದ ಜಾರಿಲ್ಲ! ಇದು ಸಂಸ್ಕಾರ ಅಂದ್ರೆ. ಈಗಿನ ಕಾಲದ ಕೆಲಿನ್‌ಗಳಲ್ಲಿ ಯಾರು ಪಾಲಿಸ್ತಾರೆ ಇದನ್ನ?”

“ನಿಮ್ಮನ್ನ ಮೇಲಿಂದ ತಳ್ಳಿದ್ರಲ್ಲ,” ಎಂದರು ಅತ್ತೆ.

“ತಳ್ಳಿದವರು ಜನ. ಇವಳು ಮರ್ಯಾದೆ ಕೊಟ್ಟಿದಾಳೆ.”

ಎದ್ದು ನಿಂತು ಎರಡೂ ಅಂಗೈಗಳನ್ನು ಎದೆಯ ಮುಂದೆ ಬಿಡಿಸಿ ಹಿಡಿದರು. ಹಿರಿಯರು ಹರಸಲು ಕೈಯೆತ್ತಿದ ಮೇಲೆ ಸುಮ್ಮನೆ ನಿಲ್ಲುವ ಕಿರ್ಗಿಜ್ ಇನ್ನೂ ಹುಟ್ಟಿಲ್ಲ. ಸಾಲಿಗೆ ಸಾಲೇ ಅಂಗೈ ಬಿಡಿಸಿತು. ಟೋಪಿಯ ಜಗಳದವನೂ ಪಾಪ್‌ಕಾರ್ನ್ ಕಂಕುಳಲ್ಲಿ ಒತ್ತಿಕೊಂಡು ಬಿಡಿಸಿದ. ಸೊಸೆಯ ಕೈ ಗಟ್ಟಿಯಾಗಿರಲಿ, ಅವಳ ಪೆನ್ಸಿಲ್ ಸವೆಯದಿರಲಿ ಎಂದರು ಮಾವ. ಎಲ್ಲರೂ “ಓಮೀನ್” ಎಂದು ಮುಖ ಸವರಿಕೊಂಡರು. ಕೆಲವೇ ಕ್ಷಣಗಳ ಹಿಂದೆ ಸರ್ವಾಧಿಕಾರಿ ಸತ್ತನೆಂದು ಸಿಳ್ಳೆ ಹೊಡೆದ ಜನವೇ ಇವರು.

ಮರುದಿನ ಬೇಗಿಮಾಯಳ ಮೇಜು ಅಡುಗೆಮನೆಯ ಮೂಲೆಯಿಂದ ನಡುಮನೆಯ ಬೆಚ್ಚನೆಯ ಜಾಗಕ್ಕೆ ಬಂತು. ಬರೆಯುವ ಹೊತ್ತಿನಲ್ಲಿ ಯಾರೂ ಸದ್ದು ಮಾಡಬಾರದೆಂದು ಬಾಗಿಲಿಗೊಂದು ಚೀಟಿಯೂ ಬಿತ್ತು. ಅವಳಿಗೆ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಮಾವ ಕನ್ನಡಕ ಹಾಕಿಕೊಂಡು, ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು.

“ಎರಡನೇ ಭಾಗದಲ್ಲಿ ಅವರು ಬದುಕಿರ್ತಾರೆ.”

“ಆತಾ, ತೊಂಬತ್ತನೇ ಮಹಡಿಯಿಂದ ಬಿದ್ದಿದಾರೆ.”

“ಹಿಮದ ಮೇಲೆ ಬಿದ್ರು. ಬರಿ. ಹುಬ್ಬು ಅಷ್ಟು ಗಂಟು ಬೇಡ. ಜನ ಕ್ಷಮೆ ಕೇಳ್ಲಿ, ಒಬ್ಬೊಬ್ರಾಗಿ. ಆ ಚರ್ಮದ ಹುಡುಗಿಗೆ ಒಂದು ಶಾಲು ಹೊದಿಸು, ಚಳಿ.”

ಅನುಮತಿ ಬೇಕಿತ್ತು, ಸಿಕ್ಕಿತು. ಕೊಟ್ಟವರೂ ಜೊತೆಗೇ ಸಿಕ್ಕಿದರು. ಬೇಗಿಮಾಯ್ ಹಿಮ ಬರೆದಳು, ಹಿಮದಿಂದ ಏಳುವ ಮುದುಕನನ್ನು ಬರೆದಳು, ಹುಬ್ಬಿನ ಗಂಟನ್ನು ಅಳಿಸಿದಳು.

ಅತ್ತೆ ಚಹಾ ತಂದಿಟ್ಟು, ಚಿತ್ರದ ಮೇಲೆ ಬಗ್ಗಿ ನೋಡಿದರು.

“ಆ ಗೋಪುರದಲ್ಲಿ ಈ ಮನುಷ್ಯನಿಗೆ ಹೆಂಡತಿ ಇಲ್ವೇನೇ?”

“ಇಲ್ಲ, ಅಪಾ.”

“ಅದಕ್ಕೇ ಮತ್ತೆ. ಇದ್ದಿದ್ರೆ ಜನ ಅಷ್ಟು ಮಹಡಿ ಹತ್ತೋ ಕಷ್ಟ ಇರ್ತಿರಲಿಲ್ಲ.”

ಮಾವ ಗಹಗಹಿಸಿ ನಕ್ಕರು. ಬೇಗಿಮಾಯ್ ನಗಲಿಲ್ಲ. ಅವಳು ಆಗಲೇ ಹೊಸ ಹಾಳೆ ಎಳೆದುಕೊಂಡು, ಚಹಾದ ತಟ್ಟೆ ಹಿಡಿದ ಒಬ್ಬ ಮುದುಕಿಯನ್ನು ಬರೆಯಲು ಶುರುಮಾಡಿದ್ದಳು.