ರೈಲಿಗೆ ಬೆಚ್ಚದ ಕೂಸು

ಚಿಕ್ಕಜಾಜೂರಿನ ರೈಲ್ವೆ ಕ್ವಾರ್ಟರ್ಸಿಗೆ ಬಂದ ನೆಂಟರು ಮೊದಲ ದಿನ ನಿದ್ದೆ ಮಾಡಿದ್ದೇ ಇಲ್ಲ. ಗೂಡ್ಸ್ ಗಾಡಿ ಹಾಯ್ದರೆ ಅಡುಗೆಮನೆಯ ಲೋಟಗಳು ಒಂದಕ್ಕೊಂದು ತಾಗಿ ಕಿಣಿಗುಟ್ಟುತ್ತವೆ. ಹಾರ್ನ್ ಕೂಗಿದರೆ ಆಡುತ್ತಿದ್ದ ಮಾತು ಅರ್ಧಕ್ಕೇ ನಿಲ್ಲುತ್ತದೆ. ಅಂಥ ಮನೆಗೆ ಅನುಸೂಯ, ಧರ್ಮಪುರದ ತವರಿನಲ್ಲಿ ಬಾಣಂತನ ಮುಗಿಸಿ, ಮೂರು ತಿಂಗಳ ಮಗಳನ್ನು ಎತ್ತಿಕೊಂಡು ಬಂದಾಗ ಎಲ್ಲರಿಗೂ ಒಂದೇ ಚಿಂತೆ. ಕೂಸು ಈ ಗದ್ದಲಕ್ಕೆ ಬೆಚ್ಚಿಬಿದ್ದರೆ ಏನು ಗತಿ?

ಕೂಸು ಬೆಚ್ಚಲೇ ಇಲ್ಲ. ಸೀರೆಯ ಜೋಲಿಯಲ್ಲಿ ಮಲಗಿದ್ದರೆ ಎಂಥ ಹಾರ್ನಿಗೂ ರೆಪ್ಪೆ ಅಲುಗಿಸುತ್ತಿರಲಿಲ್ಲ. ಅತ್ತೆ ಶಿವಗಂಗಮ್ಮನಿಗೆ ಹೆಮ್ಮೆಯೋ ಹೆಮ್ಮೆ.

"ಹೊಟ್ಟೆಯಾಗಿದ್ದಾಗ್ಲೇ ರೈಲು ಕೇಳಿ ಬೆಳೆದೈತೆ ಕಣ್ರೇ! ಇದು ರೈಲ್ವೆ ಕೂಸು. ಹೆದ್ರಾ ಪೈಕಿ ಅಲ್ಲ" ಎಂದು ಸಾಲುಮನೆಯವರಿಗೆಲ್ಲ ಸಾರಿದಳು. ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಕೆಲಸದ ಗಂಡ ಕಲ್ಲೇಶ್ ಕೂಡ ಮಗಳಿಗೆ ಸ್ಟೇಷನ್ ಮಾಸ್ಟರ್ ಹುದ್ದೆ ಖಾಯಂ ಎಂದು ನಗುತ್ತಿದ್ದ. ಹೆಸರಿಡುವ ದಿನ ಸೋದರತ್ತೆ ರೇಣುಕಾ ಕಿವಿಯಲ್ಲಿ ಮೂರು ಸಲ "ಸ್ವಾತಿ" ಎಂದು ಉಸುರಿದಾಗ, ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಿದ್ದ ಆ ಗಲಾಟೆಯಲ್ಲೇ, ಕೂಸು ಬೊಚ್ಚುಬಾಯಿ ಅಗಲಿಸಿ ನಕ್ಕಿತು. ಹೆಸರು ಒಪ್ಪಿಗೆಯಾಯಿತು ಎಂದು ಎಲ್ಲರೂ ಸಕ್ಕರೆ ಹಂಚಿ ತಿಂದರು.

ಹದಿನೈದು ದಿನ ಅನುಸೂಯಳಿಗೂ ಅದೇ ಹೆಮ್ಮೆ ಇತ್ತು. ಆಮೇಲೊಂದು ಬೆಳಿಗ್ಗೆ ತೊಳೆದ ಪಾತ್ರೆಗಳ ಬುಟ್ಟಿ ಕೈಜಾರಿತು. ತಟ್ಟೆ, ಲೋಟ, ಸೌಟು ಎಲ್ಲ ನೆಲಕ್ಕೆ ಬಿದ್ದು ಉರುಳಾಡಿದವು. ಪಕ್ಕದ ಮನೆಯ ಚಂದ್ರಕ್ಕ "ಏನಾತೇ?" ಎಂದು ಅಲ್ಲಿಂದಲೇ ಕೂಗಿದಳು. ಅನುಸೂಯ ಓಡಿಹೋಗಿ ಜೋಲಿಯೊಳಗೆ ಇಣುಕಿದಳು. ಕೂಸು ಎಚ್ಚರವಾಗಿಯೇ ಇತ್ತು. ತನ್ನ ಮುಷ್ಟಿಯನ್ನು ಬಾಯಿಗಿಟ್ಟುಕೊಂಡು ತಿರುಗುವ ಫ್ಯಾನನ್ನೇ ನೋಡುತ್ತಿತ್ತು. ಅವಳ ಮುಖ ಕಂಡ ಮೇಲಷ್ಟೇ ಕಾಲು ಬಡಿದು ನಕ್ಕಿತು.

ಅನುಸೂಯ ಬಿದ್ದ ಪಾತ್ರೆಗಳನ್ನು ಎತ್ತುವುದನ್ನೇ ಮರೆತಳು.

ಅವತ್ತಿನಿಂದ ಅವಳದು ಕಳ್ಳ ಪರೀಕ್ಷೆ. ಅತ್ತೆ ಹೂ ಕೊಯ್ಯಲು ಹೋದಾಗ ಕೂಸಿನ ತಲೆಯ ಹಿಂದೆ ನಿಂತು ಚಪ್ಪಾಳೆ ತಟ್ಟುವಳು, ಬಳೆ ಆಡಿಸುವಳು, ಸೌಟಿನಿಂದ ತಟ್ಟೆ ಬಡಿಯುವಳು. ಒಮ್ಮೆ ಕೂಸು ತಿರುಗಿತು! ಖುಷಿಯಲ್ಲಿ ಕಣ್ಣೀರೇ ಬಂತು. ಆಮೇಲೆ ನೋಡಿದರೆ ಅವಳ ನೆರಳು ಗೋಡೆಯ ಮೇಲೆ ಅಲುಗಾಡುತ್ತಿತ್ತು. ಕೂಸು ನೋಡಿದ್ದು ನೆರಳನ್ನು. ಕಣ್ಣು ಚುರುಕಾಗಿತ್ತು, ಕತ್ತು ನಿಂತಿತ್ತು, ಗಿಲಕಿ ಕೊಟ್ಟರೆ ಗಬಕ್ಕನೆ ಹಿಡಿಯುತ್ತಿತ್ತು. ಹೀಗೆ ಎಲ್ಲವೂ ಸರಿಯಿದ್ದು ಒಂದೇ ಒಂದು ಸರಿಯಿಲ್ಲವೆಂದರೆ ಯಾರು ನಂಬುತ್ತಾರೆ? ಅವಳೇ ನಂಬಲು ತಯಾರಿರಲಿಲ್ಲ. ಅನ್ನ ಸೇರದಾಯಿತು. ಹಾಲು ಕುಡಿಸುವಾಗಲೂ ಆ ಪುಟ್ಟ ಕಿವಿಯನ್ನೇ ನೋಡುತ್ತ ಕೂರುವಳು.

ಜೊತೆಗೆ ಒಂದು ತಪ್ಪು ಬೇರೆ ಮನಸ್ಸನ್ನು ಕುಟುಕುತ್ತಿತ್ತು. ಹಿರಿಯೂರಿನ ಆಸ್ಪತ್ರೆಯಲ್ಲಿ ಹೆರಿಗೆಯಾದಾಗ ನರ್ಸಮ್ಮ ಹೇಳಿದ್ದಳು, ನಾಳೆ ಕಿವಿ ಪರೀಕ್ಷೆ ಮಾಡುವವರು ಬರುತ್ತಾರೆ, ಅದನ್ನು ಮುಗಿಸಿಕೊಂಡು ಹೋಗಿ ಎಂದು. ಮರುದಿನ ಅಮಾವಾಸ್ಯೆ. ಅಮಾವಾಸ್ಯೆಯ ದಿನ ಬಾಣಂತಿ ಹೊಸ್ತಿಲು ತುಳಿಯಬಾರದಂತೆ. "ಇವತ್ತೇ ಹೋಗಾಣ ಅಪ್ಪ" ಎಂದು ಹಟ ಹಿಡಿದವಳು ಬೇರಾರೂ ಅಲ್ಲ, ಅನುಸೂಯಳೇ. ಪರೀಕ್ಷೆಯನ್ನು ಆಮೇಲೆ ಮಾಡಿಸಿದರಾಯಿತು ಎಂದುಕೊಂಡಿದ್ದಳು. ಆ 'ಆಮೇಲೆ' ಬರಲೇ ಇಲ್ಲ.

ತಡೆಯಲಾರದೆ ಗಂಡನಿಗೆ ಹೇಳಿದಳು. ಕಲ್ಲೇಶ್ ನಕ್ಕುಬಿಟ್ಟ.

"ಬಾ ಇಲ್ಲಿ" ಎಂದು ಕೂಸನ್ನು ನಡುಮನೆಯ ಚಾಪೆಯ ಮೇಲೆ ಮಲಗಿಸಿದ. "ಈಗ ಅದಿರು ಗಾಡಿ ಬರ್ತೈತೆ, ನೋಡ್ತಿರು."

ಗಾಡಿ ಬಂತು. ಲೋಟಗಳು ಕಿಣಿಗುಟ್ಟುವ ಹೊತ್ತಿಗೆ ಕೂಸು ಕೈಕಾಲು ಆಡಿಸುವುದನ್ನು ನಿಲ್ಲಿಸಿ ಕಣ್ಣು ಅಗಲ ಮಾಡಿತು.

"ಕೇಳ್ತೈತೋ ಇಲ್ವೋ? ಸುಮ್ನೆ ಇಲ್ಲದ್ದು ತಲೆಗೆ ಹಚ್ಕಬ್ಯಾಡ."

ಅನುಸೂಯ ಆ ದಿನ ಹೊಟ್ಟೆತುಂಬ ಉಂಡಳು.

ಮೂರನೆಯ ದಿನ ಆಶಾ ಕಾರ್ಯಕರ್ತೆ ಶಾಂತಕ್ಕ ಬಂದಳು. ತಾಯಿ ಕಾರ್ಡು ತೆರೆದು, ಅದರಲ್ಲಿದ್ದ ಕೂಸಿನ ಚಿತ್ರಗಳ ಮೇಲೆ ಪೆನ್ನಿಟ್ಟು ಒಂದೊಂದಾಗಿ ಕೇಳಿದಳು.

"ಮುಖ ನೋಡಿ ನಗ್ತೈತಾ?"

"ಹೂಂ ಅಕ್ಕ."

"ಕತ್ತು ನಿಂತೈತಾ?"

"ನಿಂತೈತೆ."

"ಸದ್ದಾದ ಕಡೆ ತಿರುಗ್ತೈತಾ?"

ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಅನುಸೂಯಳಿಗೆ, ಇಲ್ಲ ಎಂದುಬಿಟ್ಟರೆ ಅದು ನಿಜವೇ ಆಗಿಬಿಡುತ್ತದೆ ಎಂಬ ಭಯ.

"ಹೂಂ" ಎಂದಳು.

"ರೈಲಿಗೇ ಹೆದರಲ್ಲ ನಮ್ಮ ಹುಡುಗಿ!" ಎಂದು ಶಿವಗಂಗಮ್ಮ ಅಲ್ಲಿಂದಲೇ ಸೇರಿಸಿದಳು. ಶಾಂತಕ್ಕ ಟಿಕ್ ಹಾಕಿ ಹೋದಳು. ಹೆದರಿದವರ ಮೇಲೆ ಹಾವು ಎಸೆದಂತೆ, ಅದುವರೆಗೆ ಅನುಮಾನವಷ್ಟೇ ಇದ್ದ ಎದೆಯೊಳಗೆ ಈಗ ಸುಳ್ಳೂ ಬಂದು ಕೂತಿತು.

ಅದೇ ಮಧ್ಯಾಹ್ನ ಗಾಡಿಯೊಂದು ಬಂತು. ಕೂಸು ಜೋಲಿಯಲ್ಲಿ ಎಚ್ಚರವಾಗಿತ್ತು, ಆದರೂ ಅಲುಗಲಿಲ್ಲ. ಚಾಪೆಯ ಮೇಲಿದ್ದಾಗ ಕಣ್ಣು ಅಗಲಿಸಿದ ಕೂಸು ಜೋಲಿಯಲ್ಲಿ ಯಾಕೆ ಸುಮ್ಮನಿರುತ್ತದೆ? ಅನುಸೂಯ ತಾನೇ ಚಾಪೆಯ ಮೇಲೆ ಅಂಗಾತ ಮಲಗಿ, ಎರಡೂ ಕಿವಿಗೆ ಬೆರಳು ಬಲವಾಗಿ ತುರುಕಿಕೊಂಡು ಮುಂದಿನ ಗಾಡಿಗೆ ಕಾದಳು. ಕೊಯ್ದ ಹೂವನ್ನು ಸೆರಗಿನಲ್ಲಿ ತುಂಬಿಕೊಂಡು ಬಂದ ಅತ್ತೆ, ಬಾಣಂತಿಗೆ ತಲೆ ಕೆಟ್ಟಿತೇನೋ ಎಂದು ಅಲ್ಲೇ ನಿಂತುಬಿಟ್ಟಳು.

ಗಾಡಿ ಬಂತು. ಮೊದಲು ಹಿಮ್ಮಡಿಗೆ, ಆಮೇಲೆ ಬೆನ್ನಿಗೆ, ಆಮೇಲೆ ತಲೆಬುರುಡೆಗೆ ನೆಲದ ನಡುಕ ಏರಿತು. ಕಿವಿ ಮುಚ್ಚಿದ್ದರೂ ರೈಲು ಬಂದದ್ದು ಮೈಗೆಲ್ಲ ಗೊತ್ತಾಯಿತು.

ಅವಳು ಎದ್ದು ಕೂತಳು.

"ಅತ್ತೆ, ಕೂಸಿಗೆ ನೆಲ ನಡುಗಿದ್ದು ಗೊತ್ತಾಗ್ತೈತೆ. ರೈಲು ಕೇಳ್ತಿಲ್ಲ."

"ಬಿಡ್ತು ಅನ್ನು! ಎಂಥ ಮಾತಾಡ್ತೀಯೇ? ಹೆಸರಿಟ್ಟ ದಿನ ರೇಣುಕಾ ಕಿವಿಯಾಗೆ ಅಂದಾಗ ನಗ್ಲಿಲ್ವಾ?"

ಅನುಸೂಯ ಕೂಸನ್ನು ಎತ್ತಿಕೊಂಡು, ಅದರ ಕಿವಿಯ ಬಳಿ ಬಾಯಿಟ್ಟು, ಸದ್ದೇ ಇಲ್ಲದೆ ಬರೀ ಉಸಿರು ಊದಿದಳು. ಕೂಸು ಬೊಚ್ಚುಬಾಯಿ ಬಿಟ್ಟು ನಕ್ಕಿತು. ಅವತ್ತಿನ ನಗುವೇ. ಅತ್ತೆಯ ಸೆರಗಿನಿಂದ ಹೂಗಳು ನೆಲಕ್ಕೆ ಜಾರಿದವು. ಅವಳು ಆರಿಸಿಕೊಳ್ಳಲಿಲ್ಲ.

ಅನುಸೂಯ ಕೂಸನ್ನು ಸೊಂಟಕ್ಕೇರಿಸಿ ಕಾರ್ಡು ಹಿಡಿದು ಶಾಂತಕ್ಕನ ಮನೆಗೇ ನಡೆದಳು.

"ಆ ಟಿಕ್ ಅಳಿಸಿ ಹಾಕ್ರಿ ಅಕ್ಕ. ನಾನು ಸುಳ್ಳು ಹೇಳಿದೆ."

ಶಾಂತಕ್ಕ ಬೈಯುತ್ತಾಳೆ ಎಂದುಕೊಂಡಿದ್ದಳು. ಅವಳು ಕೂಸಿನ ಮುಖವನ್ನೊಮ್ಮೆ, ತಾಯಿಯ ಮುಖವನ್ನೊಮ್ಮೆ ನೋಡಿದಳು.

"ಕುಂತ್ಕ. ನೀರು ಕುಡಿ. ನಾಳೆನೇ ದುರ್ಗಕ್ಕೆ ಹೋಗಾಣ, ನಾನೂ ಬರ್ತೀನಿ."

ಮರುದಿನ ಕಲ್ಲೇಶನೂ ಸೇರಿ ಎಲ್ಲರೂ ಚಿತ್ರದುರ್ಗಕ್ಕೆ ಹೊರಟರು. ಬರುವುದಿಲ್ಲ, ಇದೆಲ್ಲ ಹುಚ್ಚು ಎಂದು ರಾತ್ರಿಯೆಲ್ಲ ಜಗಳಾಡಿದ್ದ ಶಿವಗಂಗಮ್ಮ ಎಲ್ಲರಿಗಿಂತ ಮೊದಲೇ ಬಸ್ಸು ಹತ್ತಿ ಕೂತಿದ್ದಳು. ಆಸ್ಪತ್ರೆಯಲ್ಲಿ ಕೂಸಿಗೆ ಹಾಲು ಕುಡಿಸಿ ಮಲಗಿಸಲು ಹೇಳಿದರು. ನಿದ್ದೆ ಹತ್ತಿದ ಮೇಲೆ ಹಣೆಗೆ, ಕಿವಿಯ ಹಿಂದೆ ಸಣ್ಣ ವೈರುಗಳನ್ನು ಅಂಟಿಸಿದರು. ಅನುಸೂಯ ಪರದೆಯ ಮೇಲಿನ ಗೆರೆಗಳನ್ನು ನೋಡುತ್ತ ನಿಂತಳು. ಗೆರೆ ಏಳಬೇಕೋ ಬೀಳಬೇಕೋ ಅವಳಿಗೆ ತಿಳಿಯದು. ಕಲ್ಲೇಶ್ ಗೋಡೆಗೆ ಒರಗಿ ನಿಂತಿದ್ದ. ಅವನ ಮುಖದಲ್ಲಿ ನಗುವಿನ ಗುರುತೂ ಇರಲಿಲ್ಲ. ಮುಕ್ಕಾಲು ಗಂಟೆಯ ಹೊತ್ತಿಗೆ ಪರೀಕ್ಷೆ ಮಾಡಿದ ಹೆಣ್ಣುಮಗಳು ಕುರ್ಚಿಯನ್ನು ಅವರ ಕಡೆ ತಿರುಗಿಸಿದಳು.

"ಎರಡೂ ಕಿವಿ ಕೇಳಿಸ್ತಿಲ್ಲಮ್ಮ. ಇನ್ನೊಂದು ಸಲ ನೋಡ್ತೀವಿ, ಆದ್ರೆ ನನಗೆ ಅನುಮಾನ ಇಲ್ಲ. ಎರಡು ವರ್ಷ ಆದ್ಮೇಲೆ ಮಾತು ಬಂದಿಲ್ಲ ಅಂತ ಬರೋರೇ ಜಾಸ್ತಿ, ನೀವು ನಾಲ್ಕು ತಿಂಗಳಿಗೇ ಬಂದಿದ್ದೀರಿ. ಮೊದಲು ಕಿವಿಗೆ ಮಿಷನ್ ಹಾಕಾಣ. ಅದ್ರಲ್ಲಿ ಆಗ್ಲಿಲ್ಲ ಅಂದ್ರೆ ಆಪರೇಷನ್ ಐತೆ."

"ಕೇಳ್ಸುತ್ತಾ ಆಮೇಲೆ?" ಎಂದ ಕಲ್ಲೇಶ್.

"ಪ್ರಯತ್ನ ಪಡಾಣ."

ಖಂಡಿತ ಎಂಬ ಮಾತಿಗಾಗಿ ಅನುಸೂಯ ಅವಳ ಬಾಯನ್ನೇ ನೋಡಿದಳು. ಆ ಮಾತು ಬರಲಿಲ್ಲ. ಇಷ್ಟು ದಿನ ಗೊತ್ತಾಗಿಬಿಟ್ಟರೆ ಏನು ಗತಿ ಎಂದು ಹೆದರುತ್ತಿದ್ದಳು. ಈಗ ಗೊತ್ತಾಯಿತು. ಹೆದರಿಕೆ ಮಾತ್ರ ಹೋಗಲಿಲ್ಲ, ಇನ್ನಷ್ಟು ದೊಡ್ಡದಾಯಿತು. ಶಾಲೆ, ರಸ್ತೆ, ಹಳಿ ದಾಟುವುದು, ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದವು.

ಹೊರಗೆ ಬೆಂಚಿನ ಮೇಲೆ ಕೂತ ಶಿವಗಂಗಮ್ಮ ಸೊಸೆಯ ಮುಖ ನೋಡದೆ ಕೇಳಿದಳು.

"ಹಂಗಾದ್ರೆ ದಿನಾ ಜೋಗುಳ ಹಾಡಿದ್ನಲ್ಲ. ಒಂದೂ ಕೇಳಿಲ್ವೇನೇ ಅದಕ್ಕೆ?"

ಅನುಸೂಯಳಿಗೆ ದುಃಖ ಒತ್ತರಿಸಿ ಬಂತು. ಅಷ್ಟರಲ್ಲಿ ಕೂಸು ಎಚ್ಚರಗೊಂಡು, ಹಣೆಯ ಮೇಲಿನ ಅಂಟಿಗೆ ಕಿರಿಕಿರಿಯಾಗಿ ಅಳತೊಡಗಿತು. ಅವಳು ಕೂಸನ್ನು ಅತ್ತೆಯ ತೋಳಿಗೆ ಕೊಟ್ಟು, ಅದರ ಕೆನ್ನೆಯನ್ನು ಅತ್ತೆಯ ಗಂಟಲಿಗೆ ಒತ್ತಿ ಹಿಡಿದಳು.

"ಈಗ ಹಾಡ್ರಿ ಅತ್ತೆ."

"ಯಾಕೆ? ಕೇಳಲ್ವಲ್ಲೇ."

"ಹಾಡ್ರಿ."

ಮುದುಕಿಯ ದನಿ ಮೊದಲು ಒಡೆಯಿತು, ಆಮೇಲೆ ಜೋಗುಳಕ್ಕೆ ಕುದುರಿತು. ಹಾಡಿಗೆ ಅವಳ ಗಂಟಲು ಕೂಸಿನ ಕೆನ್ನೆಯಡಿ ನಡುಗುತ್ತಿತ್ತು. ಕೂಸು ಅಳು ನಿಲ್ಲಿಸಿ, ರೈಲು ಬಂದಾಗ ಚಾಪೆಯ ಮೇಲೆ ಮಾಡಿದಂತೆಯೇ ಕಣ್ಣು ಅಗಲ ಮಾಡಿತು.